ಬೀಗ ಹಾಗೇ ಇತ್ತು, ಬಾಗಿಲು ತೆರೆದಿತ್ತು

ದೋಣಿ, ಇಂಜಿನ್, ಬಂದರು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಶಿರಸಿ ಕಡೆಯವಳು, ಈಗ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿದ್ದೇನೆ. ಹೋದ ವರ್ಷ ನಾನೂ ಯಜಮಾನರೂ ಸೇರಿ 27 ಅಡಿಯ ಹಳೆಯ ಕ್ಯಾಟಲಿನಾ ಹಾಯಿದೋಣಿ ಕೊಂಡೆವು. ಮರೀನಾದಲ್ಲಿ, ಅಂದರೆ ದೋಣಿ ನಿಲ್ಲಿಸುವ ಧಕ್ಕೆಯಲ್ಲಿ ಕಟ್ಟಿದ್ದೇವೆ, ಗೇಟಿಗೆ ಬೀಗ ಇದೆ. ಆದರೂ ಕಳೆದ ತಿಂಗಳು ಯಾರೋ ಕ್ಯಾಬಿನ್ ಬಾಗಿಲು ಮುರಿದು ರೇಡಿಯೊ, ಬೈನಾಕ್ಯುಲರ್, ಲೈಫ್ ಜಾಕೆಟ್ ಎಲ್ಲಾ ಒಯ್ದರು. ಪುಣ್ಯಕ್ಕೆ ಇಂಜಿನ್ ಬಿಟ್ಟು ಹೋಗಿದ್ದಾರೆ. ದೊಡ್ಡ ಬೀಗ, ಕ್ಯಾಮೆರಾ, ಅಲಾರಂ ಎಲ್ಲಾ ಹಾಕಿಸೋಣ ಅಂತ ಯಜಮಾನರು ಹೇಳ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಇಂಜಿನ್ನಿಂದ ಶುರು ಮಾಡಿ. ಇವತ್ತೇ. ಅವರು ಅದನ್ನು ಬಿಟ್ಟು ಹೋಗಿದ್ದಲ್ಲ, ನೋಡಿ ಹೋಗಿದ್ದು. ಇನ್ನೊಮ್ಮೆ ಬರುವಾಗ ಸ್ಪ್ಯಾನರ್ ಹಿಡಿದೇ ಬರ್ತಾರೆ.

ನಾನೂ ನಿಮ್ಮ ಅಲಮೀಡಾದಲ್ಲೇ ಹದಿನೆಂಟು ವರ್ಷ ಒಂದು ಹಳೇ ಹಾಯಿದೋಣಿ ಸಾಕಿದವನು. ಸಾಕಿದೆ ಅಂತಲೇ ಹೇಳಬೇಕು, ಎಮ್ಮೆಗಿಂತ ಜಾಸ್ತಿ ಖರ್ಚು. ಅಲ್ಲಿಯ ಗೇಟಿನ ಬೀಗವನ್ನು ನಾನು ಯಾವತ್ತೂ ಲೆಕ್ಕಕ್ಕೆ ಹಿಡಿದಿಲ್ಲ. ಗೇಟು ಇರುವುದು ನೆಲದ ಕಡೆಗೆ. ಕಳ್ಳ ಬರುವುದು ನೀರಿನ ಕಡೆಯಿಂದ, ಸಣ್ಣ ರಬ್ಬರ್ ದೋಣಿಯಲ್ಲಿ, ಸದ್ದಿಲ್ಲದೆ. 2023ರಲ್ಲಿ ಓಕ್‌ಲ್ಯಾಂಡ್ ಮತ್ತು ಅಲಮೀಡಾ ನಡುವಿನ ಅಳಿವೆಯ ಕಳ್ಳತನ ಅಲ್ಲಿಯ ಪತ್ರಿಕೆಗಳಲ್ಲೆಲ್ಲ ಬಂತು. ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುವ ಜಾಗದ ದೋಣಿಗಳನ್ನೂ ಬಿಡಲಿಲ್ಲ.

ನಿಮ್ಮ ಇಂಜಿನ್ ದೋಣಿಯ ಹಿಂಭಾಗದಲ್ಲಿ, ಹೊರಗಿನ ಸ್ಟ್ಯಾಂಡಿನ ಮೇಲೆ ಕೂತಿರಬೇಕು. ಅದನ್ನು ಬಿಗಿಯುವ ಎರಡು ತಿರುಪು ಹಿಡಿಕೆಗಳಿರುತ್ತವಲ್ಲ, ಅವೆರಡನ್ನೂ ಒಟ್ಟಿಗೆ ಮುಚ್ಚುವ ಉಕ್ಕಿನ ಕೊಳವೆಯಂಥ ಬೀಗ ಸಿಗುತ್ತದೆ. ಅದನ್ನು ಹಾಕಿ. ಬೋಲ್ಟಿನಲ್ಲಿ ಕೂರಿಸಿದ ಇಂಜಿನ್ ಆದರೆ ಅದಕ್ಕೆ ಬೀಗದ ನಟ್ಟೇ ಬೇರೆ ಬರುತ್ತದೆ. ಆಮೇಲೆ ಸ್ಟ್ಯಾಂಡನ್ನೂ ಅಲ್ಲಾಡಿಸಿ ನೋಡಿ. ಬೀಗ ಗಟ್ಟಿ ಇದ್ದರೆ ಇಂಜಿನ್ ಕೂತ ಹಲಗೆಯನ್ನೇ ಗರಗಸದಲ್ಲಿ ಕೊಯ್ಯುತ್ತಾರೆ. 6 ಎಚ್‌ಪಿಯ ಸಣ್ಣ ಇಂಜಿನ್ ಸುಮಾರು 25 ಕೆಜಿ ತೂಗುತ್ತದೆ, ಒಬ್ಬನೇ ಎತ್ತಬಹುದು. ಚಳಿಗಾಲದಲ್ಲಿ ದೋಣಿ ತೆಗೆಯದಿದ್ದರೆ ಮನೆಗೇ ತಂದಿಡಿ. ನಾನು ನನ್ನ ಇಂಜಿನ್ನಿನ ಟೊಪ್ಪಿಗೆಗೆ ಅಡುಗೆಮನೆಗೆ ಹಚ್ಚಿ ಉಳಿದ ಹಳದಿ ಬಣ್ಣ ಬಳಿದಿದ್ದೆ. ಬ್ರಷ್ಷಿನ ಗೆರೆ ಕಾಣುವ ಹಾಗೆ, ಬೇಕಂತಲೇ ಕೆಟ್ಟದಾಗಿ. ಪಕ್ಕದ ದೋಣಿಯವರು ನಕ್ಕರು. ನಗಲಿ. ಅಂಥ ಇಂಜಿನ್ನನ್ನು ಕದ್ದವನು ಮಾರುವುದು ಯಾರಿಗೆ?

ಈಗ ಬಾಗಿಲಿಗೆ ಬರೋಣ. ನಿಮ್ಮ ಕ್ಯಾಬಿನ್ ಬಾಗಿಲು ನಮ್ಮೂರ ಹಳೇ ಅಂಗಡಿಗಳ ಹಲಗೆ ಬಾಗಿಲಿನ ಜಾತಿಯದು. ಸಂದಿಗೆ ಒಂದೊಂದೇ ಹಲಗೆ ಇಳಿಸಿ, ಮೇಲೆ ಮುಚ್ಚಳ ಎಳೆದು, ಚಿಲಕಕ್ಕೆ ಬೀಗ. ಇದರಲ್ಲಿ ನಾನು ಮೂರ್ಖನಾದ ಕತೆ ಹೇಳ್ತೇನೆ. ದೋಣಿ ಕೊಂಡ ಎರಡನೇ ವರ್ಷ ದುಬಾರಿ ಬೀಗವೊಂದನ್ನು ತಂದೆ. ದುಂಡಗೆ, ಕೈಯಲ್ಲಿ ಹಿಡಿದರೆ ಸೇರಿನ ಬಟ್ಟಿನ ಹಾಗೆ ಭಾರ. ಹಾಕಿ, ಎಳೆದು ನೋಡಿ, ಖುಷಿಯಿಂದ ಮನೆಗೆ ಹೋದೆ. ಮುಂದಿನ ಶನಿವಾರ ಬಂದರೆ ಬೀಗ ಹಾಕಿದ ಹಾಗೇ ಇದೆ, ಒಂದು ಗೀರೂ ಇಲ್ಲ. ಚಿಲಕದ ಸಮೇತ ಸೀಟಿನ ಮೇಲೆ ಇಟ್ಟಿದ್ದಾರೆ. ಪಕ್ಕದಲ್ಲಿ ನಾಲ್ಕು ಸ್ಕ್ರೂ, ಸಾಲಾಗಿ. ಮುಕ್ಕಾಲು ಇಂಚಿನ ಸ್ಕ್ರೂಗಳು. ಬಿಚ್ಚಿದ್ದು ನನ್ನದೇ ಸ್ಕ್ರೂಡ್ರೈವರಿನಲ್ಲಿ, ಹೊರಗಿನ ಸೀಟಿನ ಕೆಳಗಿನ ಪೆಟ್ಟಿಗೆಗೆ ನಾನು ಬೀಗ ಹಾಕಿರಲಿಲ್ಲ. ಮರೀನಾದ ಆಫೀಸಿಗೆ ಹೋದರೆ ಅಲ್ಲಿದ್ದವರು ಒಂದು ಫಾರಂ ಕೊಟ್ಟರು, ಅಷ್ಟೇ.

ಹಾಗಾಗಿ ಬೀಗದ ಮೇಲೆ ದುಡ್ಡು ಸುರಿಯುವ ಮೊದಲು ಚಿಲಕ ಯಾವುದರ ಮೇಲೆ ನಿಂತಿದೆ ನೋಡಿ. ಸ್ಕ್ರೂ ತೆಗೆದು ಬೋಲ್ಟ್ ಹಾಕಿ. ಹೊರಗಡೆ ಬೋಲ್ಟಿನ ತಲೆ ನುಣ್ಣಗೆ ಗುಂಡಗಿರಲಿ, ಸ್ಕ್ರೂಡ್ರೈವರ್ ಕೂರುವಂತಿರಬಾರದು. ಒಳಗಡೆ ಬರೀ ವಾಷರ್ ಸಾಲದು, ಒಂದು ಉಕ್ಕಿನ ಪಟ್ಟಿ ಕೊಟ್ಟು ನಟ್ ಬಿಗಿಯಿರಿ. ಹಲಗೆ ಹಳೆಯದಾಗಿ ಪದರ ಬಿಟ್ಟಿದ್ದರೆ ದಪ್ಪ ಮರೀನ್ ಪ್ಲೈವುಡ್‌ನಲ್ಲಿ ಹೊಸದು ಮಾಡಿಸಿ. ಒಂದು ಒದೆಗೆ ಮುರಿಯುವ ಹಲಗೆಗೆ ಎಂಥ ಬೀಗ ಹಾಕಿ ಏನು ಪ್ರಯೋಜನ ಮಾರಾಯ್ರೆ? ಬೀಗ ಹಿತ್ತಾಳೆಯದೋ ಸ್ಟೇನ್‌ಲೆಸ್‌ನದೋ ಆಗಲಿ. ಮನೆ ಗೇಟಿನ ಸಾಮಾನ್ಯ ಬೀಗ ಉಪ್ಪುಗಾಳಿಗೆ ಆರು ತಿಂಗಳಲ್ಲಿ ಕಚ್ಚಿಕೊಳ್ಳುತ್ತದೆ. ಆಗ ನಿಮ್ಮ ಬಾಗಿಲನ್ನು ನೀವೇ ಮುರಿಯಬೇಕು. ಮುಂಭಾಗದ ಗಾಜಿನ ಕಿಂಡಿಯನ್ನು ಮರೆಯಬೇಡಿ. ಒಳಗಿನಿಂದ ಅಡ್ಡಪಟ್ಟಿ ಕೊಡಿ.

ಆದರೆ ಒಂದು ಮಾತು. ದೋಣಿಯಲ್ಲಿ ಮಲಗುವ ರಾತ್ರಿ ಒಳಗಿನಿಂದ ಹಾಕುವ ಚಿಲಕ ಯಾವುದೇ ಇರಲಿ, ಕತ್ತಲಲ್ಲಿ, ಕೀಲಿಯಿಲ್ಲದೆ, ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ಗ್ಯಾಸ್ ಒಲೆ ಇಟ್ಟುಕೊಂಡ ಫೈಬರ್ ದೋಣಿಗೆ ಬೆಂಕಿ ಹತ್ತಿದರೆ ಹೊರಬರಲು ಜಾಸ್ತಿ ಹೊತ್ತು ಇರುವುದಿಲ್ಲ. ನನಗೆ ಕಳ್ಳನಿಗಿಂತ ಆ ಹೆದರಿಕೆಯೇ ದೊಡ್ಡದು.

ಒಳಗೆ ಏನಿಡಬೇಕು? ಸಾಧ್ಯವಾದಷ್ಟು ಏನೂ ಬೇಡ. ಕೈರೇಡಿಯೊ, ಜಿಪಿಎಸ್, ಬೈನಾಕ್ಯುಲರ್ ಒಂದೇ ಚೀಲದಲ್ಲಿರಲಿ, ಬರುವಾಗ ತನ್ನಿ, ಹೋಗುವಾಗ ಒಯ್ಯಿರಿ. ಪರದೆ ತೆರೆದಿಡಿ, ಕಪಾಟಿನ ಬಾಗಿಲೂ ತೆರೆದಿರಲಿ. ಟಾರ್ಚ್ ಬಿಟ್ಟು ನೋಡಿದವನಿಗೆ ಖಾಲಿ ಅಂತ ಗೊತ್ತಾಗಲಿ. ಕೆಲವರು ಬೀಗವನ್ನೇ ಹಾಕುವುದಿಲ್ಲ. ಕದಿಯುವ ಸಾಮಾನಿಗಿಂತ ಮುರಿದ ಬಾಗಿಲಿನ ರಿಪೇರಿಯೇ ದುಬಾರಿ ಅಂತ ಅವರ ವಾದ. ವಾದ ಸರಿಯೇ, ನನಗೆ ಮಾತ್ರ ಹಾಗೆ ಬಿಟ್ಟು ಹೋದರೆ ನಿದ್ದೆ ಬರುವುದಿಲ್ಲ. ವಿಮೆ ಇದ್ದರೆ ಪಾಲಿಸಿ ತೆಗೆದು ಓದಿ, ಬೀಗ ಹಾಕಿರಬೇಕು ಎಂಬ ಷರತ್ತು ಇದ್ದರೂ ಇರಬಹುದು.

ಕ್ಯಾಮೆರಾ ಕೊನೆಗೆ. ಅದು ದೋಣಿಯ ಬ್ಯಾಟರಿ ಹೀರುತ್ತದೆ, ಟೊಪ್ಪಿ ಹಾಕಿದ ಒಬ್ಬನ ಬೆನ್ನು ತೋರಿಸುತ್ತದೆ. ಚಲನೆ ಹಿಡಿಯುವ ಅಲಾರಂ ಅಂತೂ ಬೇಡವೇ ಬೇಡ, ತೂಗಾಡುವ ದೋಣಿಯಲ್ಲಿ ರಾತ್ರಿಯಿಡೀ ಕೂಗಿ ಅಕ್ಕಪಕ್ಕದವರನ್ನು ಶತ್ರು ಮಾಡುತ್ತದೆ. ಬೇಕೇ ಬೇಕಾದರೆ ಮುಚ್ಚಳಕ್ಕೆ ಅಯಸ್ಕಾಂತದ ಸ್ವಿಚ್ ಇರುವ ಸಣ್ಣ ಅಲಾರಂ ಹಾಕಿ. ಅದಕ್ಕಿಂತ ಪಕ್ಕದ ದೋಣಿಯಲ್ಲೇ ವಾಸ ಮಾಡುವವರು ಯಾರಾದರೂ ಇದ್ದರೆ ಪರಿಚಯ ಮಾಡಿಕೊಳ್ಳಿ. ನಮ್ಮಲ್ಲಿ ಅಂಥ ಒಬ್ಬ ಅಜ್ಜ ಇದ್ದರು. ನನ್ನ ಹೆಂಡತಿ ಅವರಿಗೆ ತಿಂಗಳಿಗೊಮ್ಮೆ ಚಕ್ಕುಲಿ ಕಳಿಸುತ್ತಿದ್ದಳು. ಆಮೇಲೆ ನಮ್ಮ ದೋಣಿ ಹತ್ತಿರ ನಾಯಿ ಸುಳಿದರೂ ನನಗೆ ಫೋನ್ ಬರುತ್ತಿತ್ತು.

ಕೊನೆಗೆ ಒಂದು ಕೆಲಸ. ದೋಣಿಯ ಹಿಂಭಾಗದಲ್ಲಿ, ಬಲಗಡೆ ಮೇಲೆ, 12 ಅಕ್ಷರ-ಅಂಕಿಗಳ ಹಲ್ ನಂಬರ್, ಅಂದರೆ ದೋಣಿಯ ಗುರುತಿನ ನಂಬರ್ ಇರುತ್ತದೆ. ಅಮೆರಿಕದಲ್ಲಿ 1972ರ ನವೆಂಬರಿನಿಂದ ಹೊಸ ದೋಣಿಗಳಿಗೆ ಇದು ಕಡ್ಡಾಯ. 1984ರ ಆಗಸ್ಟ್ ನಂತರದ ದೋಣಿಗಳಲ್ಲಿ ಇದೇ ನಂಬರ್ ಇನ್ನೊಂದು ಕಡೆ ಗುಟ್ಟಾಗಿಯೂ ಇರುತ್ತದೆ. ಅದರ ಫೋಟೊ, ಇಂಜಿನ್ನಿನ ಸೀರಿಯಲ್ ನಂಬರಿನ ಫೋಟೊ ತೆಗೆದು ಮನೆಯಲ್ಲಿ ಇಡಿ. ದೋಣಿಯಲ್ಲಿ ಇಟ್ಟರೆ ಅದೂ ಹೋಗುತ್ತದೆ, ಅಲ್ವಾ?

ಪ್ರಶ್ನೆ: ನಮ್ಮದು ಗಂಗೊಳ್ಳಿ, ನಾಡದೋಣಿ. ದಿನಾ ಔಟ್‌ಬೋರ್ಡ್ ಇಂಜಿನ್ ಹೊತ್ತು ಮನೆಗೆ ತರುವುದು ಕಷ್ಟ. ವಯರ್ ರೋಪ್ ಹಾಕಿ ಬೀಗ ಹಾಕಿದರೆ ಸಾಕಾ?

ಉತ್ತರ: ಸಾಲದು. ವಯರ್ ರೋಪ್ ಬೋಲ್ಟ್ ಕಟರಿಗೆ ಬಾಳೆದಿಂಡು ಇದ್ದ ಹಾಗೆ. ಗಟ್ಟಿ ಉಕ್ಕಿನ ಸರಪಳಿ ತನ್ನಿ, ಬಿಗಿಯಾಗಿ ಸುತ್ತಿ. ಸಡಿಲ ಬಿಟ್ಟರೆ ಸರಪಳಿ ನೆಲಕ್ಕೆ ಬೀಳುತ್ತದೆ. ಆಗ ಕಟರಿನ ಒಂದು ಹಿಡಿಕೆ ನೆಲಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೈಭಾರ ಹಾಕಿ ಒತ್ತುತ್ತಾರೆ. ನಿಮ್ಮ ಅಪ್ಪನ ಕಾಲದವರು ಇಂಜಿನ್ ಹೊತ್ತು ತರುತ್ತಿದ್ದುದೇ ಒಳ್ಳೆಯದು. ಬೆನ್ನುನೋವಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ: ಅಲಾರಂ ಇಲ್ಲದ ಕಾಲದಲ್ಲಿ ಒಂಟಿಯಾಗಿ ಹೋಗುವ ನಾವಿಕರು ರಾತ್ರಿ ಹೇಗೆ ಮಲಗುತ್ತಿದ್ದರು? (ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದವರಲ್ಲಿ ಮೊದಲಿಗರು ಜೋಶುವಾ ಸ್ಲೋಕಂ. 1895ರಲ್ಲಿ ಬಾಸ್ಟನ್ ಬಿಟ್ಟು 1898ರಲ್ಲಿ ಮರಳಿದರು. 1896ರಲ್ಲಿ ದಕ್ಷಿಣ ಅಮೆರಿಕದ ತುದಿಯ ಮೆಗಲನ್ ಜಲಸಂಧಿಗೆ ಹೊರಟಾಗ ಅಲ್ಲಿಯ ಪುಂಟಾ ಅರೇನಸ್ ಊರಲ್ಲಿ ಒಬ್ಬ ಕ್ಯಾಪ್ಟನ್ ಅವರಿಗೆ ಒಂದು ಚೀಲ ಸಣ್ಣ ಮೊಳೆ ಕೊಟ್ಟ. ರತ್ನಗಂಬಳಿಗೆ ಹೊಡೆಯುವಂಥವು. ರಾತ್ರಿ ಮಲಗುವ ಮೊದಲು ಸ್ಲೋಕಂ ಅವನ್ನು ಡೆಕ್ಕಿನ ಮೇಲೆ ಹರಡಿದರು. ಕದಿಯಲು ಕತ್ತಲಲ್ಲಿ ದೋಣಿ ಹತ್ತಿದವರು ಅರಚುತ್ತಾ ಕೆಲವರು ತಮ್ಮ ದೋಣಿಗೆ, ಕೆಲವರು ಸೀದಾ ನೀರಿಗೆ ಹಾರಿದರು.

ಇದನ್ನು ಓದಿ ನಾನೂ ಒಂದು ರಾತ್ರಿ ನನ್ನ ದೋಣಿಯಲ್ಲಿ ಮೊಳೆ ಹರಡಿ ಮಲಗಿದ್ದೆ. ಕಳ್ಳ ಬರಲಿಲ್ಲ. ಬೆಳಗಿನ ಜಾವ ಮೂತ್ರಕ್ಕೆ ಎದ್ದು ಬರಿಗಾಲಲ್ಲಿ ಹೊರಗೆ ಬಂದವನು ನಾನೇ.