ತರಗತಿಯಲ್ಲಿ ಗೊತ್ತು, ರೋಗಿಯ ಮುಂದೆ ಗೊತ್ತಿಲ್ಲ

ಪ್ರಶ್ನೆ: ನಾನು ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ಪಾಠ ಮಾಡುತ್ತಿದ್ದೇನೆ. ಚೆನ್ನಾಗಿ ತಯಾರಾಗಿಯೇ ಹೋಗುತ್ತೇನೆ. ವಿದ್ಯಾರ್ಥಿಗಳು ಅರ್ಥವಾಯಿತು ಅನ್ನುತ್ತಾರೆ, ಅಂಕವನ್ನೂ ತೆಗೆಯುತ್ತಾರೆ. ಆದರೆ ವಾರ್ಡಿನಲ್ಲಿ ಅದೇ ವಿಷಯ ಕೇಳಿದರೆ ಸುಮ್ನೆ ನಿಂತುಬಿಡುತ್ತಾರೆ. ಎಲ್ಲಿ ತಪ್ಪುತ್ತಿದೆ ಡಾಕ್ಟರೇ?

ಉತ್ತರ: ಅವರು ಓದಿಲ್ಲ ಅಂತಲ್ಲ. ಓದಿದ್ದನ್ನು ತಾವಾಗಿ ನೆನಪಿಸಿಕೊಂಡು ಬಳಸುವ ಅಭ್ಯಾಸ ಅವರಿಗೆ ಆಗಿಲ್ಲ. ತರಗತಿಯಲ್ಲಿ ಮಾತಾಡುವವರು ನೀವು, ಯೋಚಿಸುವವರೂ ನೀವೇ. ಅವರು ಬರೆದುಕೊಳ್ಳುತ್ತಾರೆ, ಅಷ್ಟೆ.

ಮುಂದಿನ ಪಾಠವನ್ನು ರೋಗಿಯಿಂದಲೇ ಶುರು ಮಾಡಿ. ಹೃದಯ ವೈಫಲ್ಯದ ಪಾಠ ಅಂದುಕೊಳ್ಳಿ. ಸ್ಲೈಡ್ ಹಾಕಬೇಡಿ, ವ್ಯಾಖ್ಯೆಯೂ ಬೇಡ. "ವಯಸ್ಸಾದವರೊಬ್ಬರಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಹಗುರಾಗುತ್ತದೆ. ಯಾಕೆ?" ಎಂದು ಕೇಳಿ. ಕೇಳಿದ ಮೇಲೆ ಕಾಯಿರಿ. ಕಷ್ಟ ಇರುವುದು ಇಲ್ಲೇ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಶಾಲಾ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದರೂ ಸಾಕು, ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿ ಬಿಟ್ಟರು. ನಮ್ಮ ಪ್ರಶ್ನೆಗಳಿಗೆ ಇನ್ನೂ ಜಾಸ್ತಿ ಹೊತ್ತು ಬೇಕು.

ಯಾರೋ ಒಬ್ಬರು "ಶ್ವಾಸಕೋಶದ ಸೋಂಕು" ಅನ್ನಬಹುದು. ತಪ್ಪು ಅನ್ನಬೇಡಿ. "ಸರಿ, ಹಾಗಾದರೆ ಕೂತ ತಕ್ಷಣ ಯಾಕೆ ಕಡಿಮೆಯಾಗುತ್ತೆ?" ಎಂದು ಕೇಳಿ. ಮಲಗಿದಾಗ ಕಾಲಿನ ಕಡೆಯ ರಕ್ತ ಎದೆಯತ್ತ ಬರುತ್ತದೆ. ಸೋತ ಎಡ ಹೃದಯಕ್ಕೆ ಅಷ್ಟನ್ನು ಮುಂದೆ ತಳ್ಳಲು ಆಗುವುದಿಲ್ಲ. ಒತ್ತಡ ಶ್ವಾಸಕೋಶದ ರಕ್ತನಾಳಗಳಲ್ಲಿ ಏರುತ್ತದೆ, ನೀರು ಜಿನುಗುತ್ತದೆ. ಈ ಸರಣಿಯನ್ನು ಅವರೇ ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತಾ ಕಟ್ಟಲಿ. ಆಮೇಲೆ "ಈ ರೋಗಿಯಲ್ಲಿ ಇನ್ನೇನು ನೋಡುತ್ತೀರಿ?" ಎಂದರೆ ಉಬ್ಬಿದ ಕತ್ತಿನ ರಕ್ತನಾಳ, ಕಾಲಿನ ಊತ ತಾವಾಗಿಯೇ ಬರುತ್ತವೆ. ಹೀಗೆ ಯೋಚಿಸಿದವರು ವಾರ್ಡಿನಲ್ಲಿ ಮೂಕರಾಗುವುದು ಕಡಿಮೆ.

ಮುಂದಿನ ತರಗತಿಯ ಮೊದಲ ಐದು ನಿಮಿಷ ನೋಟ್ಸ್ ಮುಚ್ಚಿಸಿ, ನೆನಪಿದ್ದಷ್ಟು ಬರೆಸಿ. ಅಂಕ ಕೊಡಬೇಡಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ್ದನ್ನು ಕೆಲವರು ಮತ್ತೆ ಓದಿದರು, ಕೆಲವರು ನೋಡದೆ ನೆನಪಿಸಿಕೊಂಡು ಬರೆದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ, ನೆನಪಿಸಿಕೊಂಡು ಬರೆದವರು ಅವರನ್ನು ಹಿಂದೆ ಹಾಕಿದ್ದರು. ಮತ್ತೆ ಓದಿದಾಗ ಬರುವ "ಗೊತ್ತಾಯ್ತು" ಅನ್ನುವ ಭಾವನೆಯೇ ಮೋಸ ಮಾಡುವುದು, ಅಲ್ವಾ?

ವಾರ್ಡಿನಲ್ಲಿ ಒಂದು ಎಚ್ಚರ. ರೋಗಿಯ ಒಪ್ಪಿಗೆ ಮೊದಲು ಕೇಳಿ. ಅವರೆದುರು ವಿದ್ಯಾರ್ಥಿಯನ್ನು ಗದರಬೇಡಿ. ಒಮ್ಮೆ ಅವಮಾನವಾದವರು ಗೊತ್ತಿದ್ದರೂ ಮತ್ತೆ ಬಾಯಿ ತೆರೆಯುವುದಿಲ್ಲ. "ನಿಮಗೇನು ಅನ್ನಿಸುತ್ತೆ? ಯಾಕೆ?" ಎಂಬ ಎರಡೇ ಪ್ರಶ್ನೆಯಿಂದ ಶುರು ಮಾಡಿ.

ಹೀಗೆ ಮಾಡಿದರೆ ಪೋರ್ಷನ್ ಮುಗಿಯುತ್ತಾ ಅಂತ ನೀವು ಕೇಳಬಹುದು. ಎಲ್ಲವನ್ನೂ ತರಗತಿಯಲ್ಲೇ ಹೇಳಲು ಹೋದರೆ ಮುಗಿಯುವುದಿಲ್ಲ. ಕಾರಣಗಳ ಪಟ್ಟಿ, ಔಷಧಿಯ ಪ್ರಮಾಣ ಇವನ್ನೆಲ್ಲ ಮನೆಯಲ್ಲಿ ಓದಿಕೊಂಡು ಬರಲಿ. ತರಗತಿಯ ಹೊತ್ತನ್ನು ಅವರು ಒಬ್ಬರೇ ಕೂತು ಬಿಡಿಸಲಾಗದ "ಯಾಕೆ"ಗಳಿಗೆ ಇಟ್ಟುಕೊಳ್ಳಿ.