ಮಳೆಗಾಲಕ್ಕೆ ಮುಂಚೆ ಹೆಸರು ಬರೆಸಿ
(ಓದುಗರ ಪ್ರಶ್ನೆ, ವೈದ್ಯರ ಉತ್ತರ)

ಪ್ರಶ್ನೆ: ಮಾನ್ಯ ಡಾಕ್ಟರೇ, ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶುಶ್ರೂಷಾಧಿಕಾರಿಯಾಗಿದ್ದು ಈಗ ನಿವೃತ್ತಳಾಗಿದ್ದೇನೆ. ನಮ್ಮ ಕಡೆ ಮಳೆಗಾಲದಲ್ಲಿ ಗುಡ್ಡ ಜರಿದು, ಹೊಳೆ ಉಕ್ಕಿ, ಜನ ಕಾಳಜಿ ಕೇಂದ್ರ ಸೇರುವುದು ಅಪರೂಪವಾಗಿ ಉಳಿದಿಲ್ಲ. ಹೋದ ಮಳೆಗಾಲದಲ್ಲಿ ಸಹಾಯ ಮಾಡೋಣವೆಂದು ಒಂದು ಕೇಂದ್ರಕ್ಕೆ ನೇರವಾಗಿ ಹೋದೆ. ಅಲ್ಲಿದ್ದ ಅಧಿಕಾರಿ "ನಿಮ್ಮನ್ನು ಯಾರು ಕಳಿಸಿದರು?" ಎಂದು ಕೇಳಿ ವಾಪಸು ಕಳಿಸಿಬಿಟ್ಟರು. ಕಸುಬು ಗೊತ್ತಿದ್ದವರಿಗೂ ಇಷ್ಟು ಅಡ್ಡಿಯೇ?
– ನಿವೃತ್ತ ಶುಶ್ರೂಷಾಧಿಕಾರಿ, ಹಾಸನ ಜಿಲ್ಲೆ

ಉತ್ತರ: ನಿಮಗೆ ಬೇಸರವಾಗಿರುವುದು ಸಹಜ. ಆದರೆ ಆ ಅಧಿಕಾರಿ ಕೇಳಿದ್ದು ಕೇಳಲೇಬೇಕಾದ ಪ್ರಶ್ನೆ. ಕೇಳಿದ ರೀತಿ ಒರಟಾಗಿತ್ತು, ಅಷ್ಟೆ. ಇದನ್ನು ನಾನು ಸ್ವಂತ ಅನುಭವದಿಂದ ಕಲಿತಿದ್ದೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಶಾಲೆಯೊಂದರಲ್ಲಿ ತೆರೆದಿದ್ದ ಪರಿಹಾರ ಕೇಂದ್ರಕ್ಕೆ ಸ್ನೇಹಿತರ ಜೊತೆ ಹೋಗಿದ್ದೆ. ಎರಡು ದಿನ ಬಿಟ್ಟು ಮತ್ತೆ ಅಲ್ಲಿಗೇ ಹೋದಾಗ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಲೆಸುತ್ತು ಎಂದು ಗೋಡೆ ಹಿಡಿದುಕೊಂಡು ಬಂದರು. ಬಿ.ಪಿ. ನೋಡಿದರೆ ಮೇಲಿನ ಅಂಕಿ 90ಕ್ಕೆ ಇಳಿದಿತ್ತು. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿದ್ದಕ್ಕೆ, ಸೆರಗಿನ ತುದಿಯ ಗಂಟು ಬಿಚ್ಚಿ ಮೂರು ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಇಟ್ಟರು. ಮೂರರದ್ದೂ ಬಣ್ಣ ಬೇರೆ, ಕಂಪನಿ ಬೇರೆ, ಒಳಗಿನ ಔಷಧ ಮಾತ್ರ ಒಂದೇ: ಬಿ.ಪಿ. ಇಳಿಸುವ ಆಮ್ಲೋಡಿಪಿನ್. ಮೂರು ತಂಡಗಳು ಬಂದು ಒಂದೊಂದು ಕೊಟ್ಟು ಹೋಗಿದ್ದವು, ಅಜ್ಜಿ ಮೂರನ್ನೂ ತಪ್ಪದೆ ನುಂಗುತ್ತಿದ್ದರು. "ಡಾಕ್ಟರು ಕೊಟ್ಟದ್ದನ್ನು ಬೇಡ ಅನ್ನಲಿಕ್ಕೆ ಆಗುತ್ತದೆಯೇ?" ಎಂದರು. ಮೂರರಲ್ಲಿ ಒಂದು ನಮ್ಮ ತಂಡ ಕೊಟ್ಟದ್ದು. ಕೊಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನಾಗಲಿ, ಆಶಾ ಕಾರ್ಯಕರ್ತೆಯನ್ನಾಗಲಿ ನಾವು ಒಂದು ಮಾತು ಕೇಳಿರಲಿಲ್ಲ, ಕೊಟ್ಟದ್ದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಆದ್ದರಿಂದ ನೀವು ಮಾಡಬೇಕಾದ ಕೆಲಸ ಮಳೆ ಹಿಡಿಯುವುದಕ್ಕೆ ಮುಂಚೆಯೇ ಇದೆ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನಿಮ್ಮ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೋಡಿ, ಇಲ್ಲವಾದರೆ ನವೀಕರಿಸಿಕೊಳ್ಳಿ. ಅದರ ನಕಲು, ಗುರುತಿನ ಚೀಟಿ, ನೀವು ಯಾವ ವಿಭಾಗದಲ್ಲಿ ಹೆಚ್ಚು ಕಾಲ ಕೆಲಸ ಮಾಡಿದ್ದೀರಿ ಎಂಬ ವಿವರಗಳನ್ನು ಒಂದು ಪತ್ರದೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೊಟ್ಟು, ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಮುಟ್ಟಿಸಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರ ಕೈಗೆ ಹೋಗುವ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ "ಯಾರು ಕಳಿಸಿದರು" ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ. ಭಾರತೀಯ ರೆಡ್‌ಕ್ರಾಸ್ ಸಂಸ್ಥೆಯ ಜಿಲ್ಲಾ ಶಾಖೆಯ ಮೂಲಕ ಹೋಗುವುದೂ ಒಳ್ಳೆಯ ದಾರಿ.

ಇನ್ನು ಕೇಂದ್ರದಲ್ಲಿ ನಿಮಗಾಗಿ ಕಾದಿರುವ ಕೆಲಸದ ಬಗ್ಗೆ ಹೇಳಬೇಕು. ನೆರೆ ಎಂದೊಡನೆ ಗಾಯಾಳುಗಳನ್ನು ಊಹಿಸಿಕೊಳ್ಳುತ್ತೇವೆ. ಆದರೆ ಎರಡನೆಯ ದಿನದಿಂದ ಸಾಲಿನಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಬಿ.ಪಿ., ಸಕ್ಕರೆ ಕಾಯಿಲೆ, ಮೂರ್ಛೆರೋಗ, ಕ್ಷಯ ಇವುಗಳ ಮಾತ್ರೆಯನ್ನು ಮನೆಯಲ್ಲಿಯೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದವರು. ಕ್ಷಯದ ಮಾತ್ರೆ ನಡುವೆ ತಪ್ಪಬಾರದು. ಇನ್ಸುಲಿನ್ ಬಾಟಲಿಗೆ ಫ್ರಿಜ್ ಇಲ್ಲದಿದ್ದರೆ, ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ಕೆಲವು ದಿನ ತಂಪಾಗಿ ಕಾಪಾಡಬಹುದು. ಗರ್ಭಿಣಿಯರ ತಾಯಿ ಕಾರ್ಡ್ ನೀರಿನಲ್ಲಿ ಹೋಗಿರುತ್ತದೆ, ಆದರೆ ಯಾರಿಗೆ ಯಾವ ವಾರ ಹೆರಿಗೆ ಎಂಬುದು ಆಶಾ ಕಾರ್ಯಕರ್ತೆಯ ಡೈರಿಯಲ್ಲಿ ಇರುತ್ತದೆ. ಹೋದ ತಕ್ಷಣ ಆ ಡೈರಿಯ ಪಕ್ಕದಲ್ಲಿ ಕುಳಿತು ಪಟ್ಟಿ ಮಾಡಿಕೊಳ್ಳುವ ಅನುಭವಿ ಸಿಸ್ಟರ್ ಒಬ್ಬರು, ಊರಿನ ಪರಿಚಯವಿಲ್ಲದ ಹತ್ತು ವೈದ್ಯರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ. ಭೇದಿಯಾದವರು ಎಷ್ಟು, ಜ್ವರದವರು ಎಷ್ಟು ಎಂದು ದಿನವೂ ಬರೆದು ಸಂಜೆ ವೈದ್ಯಾಧಿಕಾರಿಗೆ ತಿಳಿಸಿ. ನಿನ್ನೆ ಇಬ್ಬರಿದ್ದ ಭೇದಿ ಇಂದು ಒಂಬತ್ತಾದರೆ ಕುಡಿಯುವ ನೀರಿನ ಮೂಲವನ್ನು ಅಂದೇ ನೋಡಬೇಕು. ಕೆಸರು ನೀರಿನಲ್ಲಿ ಓಡಾಡಿದವರಿಗೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವ ಕ್ರಮವಿದೆಯಾದರೂ, ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅದು ಸಲ್ಲದು. ವೈದ್ಯಾಧಿಕಾರಿಯ ಆದೇಶವಿಲ್ಲದೆ ಹಂಚಬೇಡಿ.

ನಿಮ್ಮ ವಯಸ್ಸನ್ನೂ ಮರೆಯಬೇಡಿ. ನಿಮ್ಮ ಮಾತ್ರೆ, ಹಾಸಿಗೆ, ಟಾರ್ಚ್ ನಿಮ್ಮ ಚೀಲದಲ್ಲಿಯೇ ಇರಲಿ. ನಿರಾಶ್ರಿತರ ಊಟದಲ್ಲಿ ನಾವು ಪಾಲು ಕೇಳುವಂತಾಗಬಾರದು. ಸೋಂಕು ರೋಗ ಹರಡಿದ ಕಾಲದಲ್ಲಿ ರೋಗಿಗಳ ಎದುರು ನಿಲ್ಲುವ ಕೆಲಸಕ್ಕಿಂತ ಫೋನಿನ ಕೆಲಸ ಕೇಳಿ ಪಡೆಯಿರಿ. 2020ರಲ್ಲಿ ನಮ್ಮ ರಾಜ್ಯದ ಆಪ್ತಮಿತ್ರ ಸಹಾಯವಾಣಿ ಫೋನಿನಲ್ಲಿಯೇ ಜನರ ಲಕ್ಷಣ ಕೇಳಿ ದಾರಿ ತೋರಿಸಿದ್ದು ನಿಮಗೆ ನೆನಪಿರಬಹುದು.

ಪ್ರಶ್ನೆ: ನಾನು ಅಮೆರಿಕದಲ್ಲಿ ಇಪ್ಪತ್ತು ವರ್ಷಗಳಿಂದ ವೈದ್ಯನಾಗಿದ್ದೇನೆ. ಬೆಳಗಾವಿ ಜಿಲ್ಲೆಯ ನಮ್ಮೂರಿಗೆ 2019ರ ಆಗಸ್ಟ್‌ನಲ್ಲಿ ಪ್ರವಾಹ ಬಂದಾಗ ಏನೂ ಮಾಡಲಾಗದೆ ಟಿ.ವಿ. ನೋಡುತ್ತಾ ಕುಳಿತಿದ್ದೆ. ಮುಂದೆ ಅಂಥ ಸಂದರ್ಭ ಬಂದರೆ ಇಲ್ಲಿಂದಲೇ ಫೋನ್ ಮೂಲಕ ಚಿಕಿತ್ಸೆ ಹೇಳಬಹುದೇ?
– ಅನಿವಾಸಿ ಕನ್ನಡಿಗ ವೈದ್ಯ

ಉತ್ತರ: 2020ರ ಮಾರ್ಚ್ 25ರಂದು ಭಾರತ ಸರ್ಕಾರ ಪ್ರಕಟಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯು ದೂರದಿಂದ ಸಲಹೆ ಕೊಡುವ ಅವಕಾಶವನ್ನು ಇಲ್ಲಿನ ವೈದ್ಯಕೀಯ ರಿಜಿಸ್ಟರ್‌ನಲ್ಲಿ ಹೆಸರಿರುವ ವೈದ್ಯರಿಗೆ ನೀಡಿದೆ. ಇಲ್ಲಿ ನೋಂದಣಿ ಇಲ್ಲದಿದ್ದರೆ ರೋಗಿಗೆ ನೇರವಾಗಿ ಔಷಧ ಬರೆದುಕೊಡಬೇಡಿ. ಊರಿನ ವೈದ್ಯಾಧಿಕಾರಿ ಕಷ್ಟದ ರೋಗಿಯೊಬ್ಬರ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಕೇಳಿದರೆ ಸಹೋದ್ಯೋಗಿಯಾಗಿ ಮಾತನಾಡುವುದು ಬೇರೆ ವಿಷಯ. ಚಿಕಿತ್ಸೆಯ ನಿರ್ಧಾರ ಮತ್ತು ಹೊಣೆ ಅವರದೇ ಆಗಿರುತ್ತದೆ.

ನೀವು ಇರುವ ಊರಿನಲ್ಲಿಯೇ ನಿಮಗಾಗಿ ಒಂದು ವ್ಯವಸ್ಥೆ ಇದೆ ಎಂಬುದನ್ನೂ ಹೇಳಲೇಬೇಕು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿಗೆ ವೈದ್ಯರೂ ನರ್ಸ್‌ಗಳೂ ತಾವಾಗಿಯೇ ಧಾವಿಸಿದರು. ಆದರೆ ಯಾರು ನಿಜವಾದ ವೈದ್ಯರು, ಯಾರ ಪರವಾನಗಿ ಚಾಲ್ತಿಯಲ್ಲಿದೆ ಎಂದು ಆ ಗಲಿಬಿಲಿಯಲ್ಲಿ ಪರೀಕ್ಷಿಸುವ ಏರ್ಪಾಡು ಇಲ್ಲದ ಕಾರಣ ಬಹಳಷ್ಟು ಮಂದಿಯ ನೆರವು ಬಳಕೆಯಾಗಲಿಲ್ಲ. ಆ ಪಾಠದಿಂದ 2002ರಲ್ಲಿ ಹುಟ್ಟಿದ್ದು ಮೆಡಿಕಲ್ ರಿಸರ್ವ್ ಕೋರ್. ಸ್ಥಳೀಯ ಆರೋಗ್ಯ ಇಲಾಖೆಗಳ ಜೊತೆ ಸೇರಿ ಕೆಲಸ ಮಾಡುವ ಅದರ 700ಕ್ಕೂ ಹೆಚ್ಚು ಘಟಕಗಳಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕರಿದ್ದಾರೆ. ಪರವಾನಗಿಯ ಪರಿಶೀಲನೆ, ತರಬೇತಿ ಎಲ್ಲವೂ ವಿಪತ್ತಿಗೆ ಮುಂಚೆಯೇ ಮುಗಿದಿರುತ್ತವೆ. ಕೋವಿಡ್ ಕಾಲದಲ್ಲಿ ಲಸಿಕಾ ಶಿಬಿರಗಳನ್ನು ನಡೆಸಲು ಈ ಸ್ವಯಂಸೇವಕರು ದೊಡ್ಡ ನೆರವಾದರು. ನಿಮ್ಮ ಕೌಂಟಿಯ ಘಟಕ ಸೇರಿ. ಅಲ್ಲಿ ಕಲಿತದ್ದನ್ನು, ವಿಶೇಷವಾಗಿ ಸ್ವಯಂಸೇವಕರ ಪಟ್ಟಿಯನ್ನು ಇಟ್ಟುಕೊಳ್ಳುವ ಕ್ರಮವನ್ನು, ಊರಿಗೆ ಬಂದಾಗ ನಿಮ್ಮ ಜಿಲ್ಲೆಯ ಆರೋಗ್ಯಾಧಿಕಾರಿಗಳೊಂದಿಗೆ ಹಂಚಿಕೊಂಡರೆ ಅದೂ ಊರಿಗೆ ಮಾಡಿದ ಸೇವೆಯೇ.

ಪ್ರಶ್ನೆ: ನಾವು ಡಿ.ಫಾರ್ಮಾ ವಿದ್ಯಾರ್ಥಿಗಳು. ಮನೆ ಮನೆಗೆ ಹೋಗಿ, ಉಳಿದ ಮಾತ್ರೆಗಳನ್ನು ಸಂಗ್ರಹಿಸಿ ನೆರೆ ಸಂತ್ರಸ್ತರಿಗೆ ಕಳಿಸಬೇಕೆಂದಿದ್ದೇವೆ. ಸರಿಯೇ?
– ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. 1988ರಲ್ಲಿ ಆರ್ಮೇನಿಯದಲ್ಲಿ ಭೂಕಂಪವಾದಾಗ ಸುಮಾರು 5,000 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿ ಬಂದು ಬಿದ್ದಿತು. ಅದರಲ್ಲಿ ಏನೇನಿದೆ ಎಂದು ತಿಳಿಯಲು 50 ಜನ 6 ತಿಂಗಳು ದುಡಿಯಬೇಕಾಯಿತು. ದಾನದ ಔಷಧ ತಲುಪುವ ಹೊತ್ತಿಗೆ ಅದರ ಅವಧಿ ಕನಿಷ್ಠ 1 ವರ್ಷ ಉಳಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮನೆಗಳ ಡಬ್ಬಿಯಲ್ಲಿ ಉಳಿದ ಅರ್ಧ ಸ್ಟ್ರಿಪ್‌ಗಳಲ್ಲಿ ಎಷ್ಟೋ ಬಾರಿ ದಿನಾಂಕವಿದ್ದ ತುದಿಯೇ ಕತ್ತರಿಸಿ ಹೋಗಿರುತ್ತದೆ.

ನಿಮ್ಮ ವಿದ್ಯೆಗೆ ತಕ್ಕ ಕೆಲಸ ಬೇರೆ ಇದೆ. ತಾಲ್ಲೂಕು ಆಸ್ಪತ್ರೆಯ ಫಾರ್ಮಸಿ ಅಧಿಕಾರಿಯವರನ್ನು ಕಂಡು, ನೆರೆಯ ದಿನಗಳಲ್ಲಿ ಅವರ ಉಗ್ರಾಣಕ್ಕೆ ಬರುವ ಔಷಧಗಳನ್ನು ಕಂಪನಿಯ ಹೆಸರು ಬಿಟ್ಟು ಮೂಲ ಔಷಧದ ಹೆಸರಿನಂತೆ ಜೋಡಿಸಿ, ಅವಧಿಯ ದಿನಾಂಕ ಬರೆದಿಡಲು ಅನುಮತಿ ಕೇಳಿ. ಹಣ ಸಂಗ್ರಹಿಸುವುದಿದ್ದರೆ, ಏನು ಬೇಕೆಂದು ಅವರನ್ನೇ ವಿಚಾರಿಸಿ ಖರೀದಿಸಿ. ಓಆರ್‌ಎಸ್ ಪೊಟ್ಟಣ, ಕ್ಲೋರಿನ್ ಮಾತ್ರೆ, ಸ್ಯಾನಿಟರಿ ಪ್ಯಾಡ್ ಬೇಕೆನ್ನಬಹುದು. ಅವರು ಕೇಳದಿದ್ದರೂ ಪ್ರತಿ ಕೇಂದ್ರಕ್ಕೆ ಗಟ್ಟಿ ರಟ್ಟಿನ ಒಂದು ರಿಜಿಸ್ಟರ್ ಪುಸ್ತಕ, ದಾರದಿಂದ ಅದಕ್ಕೆ ಕಟ್ಟಿದ ಒಂದು ಪೆನ್ನು ಕಳಿಸಿಕೊಡಿ. ಯಾವ ತಂಡ ಬಂದರೂ ಯಾರಿಗೆ ಏನು ಕೊಟ್ಟೆವೆಂದು ಅದರಲ್ಲಿಯೇ ಬರೆಯಲಿ.