ಸ್ವಭಾವ ಅರಿತು ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ವರ್ಷದ ಹಿಂದೆ ಆಫೀಸಿನ ತರಬೇತಿಯಲ್ಲಿ 16 ಮಾದರಿಯ ವ್ಯಕ್ತಿತ್ವ ಪರೀಕ್ಷೆ ಮಾಡಿಸಿದ್ದರು. ನಾನು ಅಂತರ್ಮುಖಿ ಎಂದು ಬಂತು. ಈ ವರ್ಷ ಅದೇ ಪರೀಕ್ಷೆ ಮತ್ತೆ ಮಾಡಿದರೆ ಬಹಿರ್ಮುಖಿ ಎಂದಿದೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ಪೂರ್ತಿ ನಂಬಬೇಡಿ. ನಿಮ್ಮ ಸ್ವಭಾವ ಬದಲಾಗಿದೆ ಎಂದು ಗಾಬರಿಯಾಗುವುದೂ ಬೇಡ. ಇಂಥ ಪರೀಕ್ಷೆಗಳು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ಹಿಡಿದು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ಹಾಕಿಕೊಟ್ಟ ಜಾಡಿನವು. ನಾಲ್ಕು ಜೋಡಿ ಗುಣಗಳು, ಪ್ರತಿ ಜೋಡಿಯಲ್ಲೂ ನೀವು ಈ ಕಡೆ ಇಲ್ಲವೇ ಆ ಕಡೆ. ತೊಡಕಿರುವುದು ನಡುವೆ ಎಳೆದ ಆ ಗೆರೆಯಲ್ಲೇ. ಸ್ವಭಾವವೆಂಬುದು ಎತ್ತರದ ಹಾಗೆ, ತೀರಾ ಉದ್ದ ಮತ್ತು ತೀರಾ ಗಿಡ್ಡ ಇರುವವರು ಕಡಿಮೆ, ಬಹುಪಾಲು ಜನ ಮಧ್ಯದಲ್ಲೇ. ಗೆರೆಯ ಅಂಚಿನಲ್ಲಿರುವವರು ಒಂದೆರಡು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರೆ ಸಾಕು, ಫಲಿತಾಂಶ ಮಗುಚಿಕೊಳ್ಳುತ್ತದೆ.

ಸಂಶೋಧಕರು ಹೆಚ್ಚಾಗಿ ಬಳಸುವುದು ಐದು ಗುಣಗಳ ಅಳತೆಯನ್ನು: ಹೊಸತರ ಬಗ್ಗೆ ಕುತೂಹಲ, ಅಚ್ಚುಕಟ್ಟುತನ, ಬಹಿರ್ಮುಖತೆ, ಇನ್ನೊಬ್ಬರ ಜತೆ ಹೊಂದಿಕೊಳ್ಳುವ ಗುಣ, ಆತಂಕದ ಕಡೆ ವಾಲುವ ಗುಣ. ಇಲ್ಲಿ ಯಾರಿಗೂ ಹಣೆಪಟ್ಟಿ ಇಲ್ಲ, ಪ್ರತಿಯೊಂದೂ ಹೆಚ್ಚು-ಕಡಿಮೆಯ ಲೆಕ್ಕ. ಮಾತುಕತೆಗೆ ಬೇಕಾದದ್ದೂ ಇದೇ. ‘ಇವರು ಯಾವ ಮಾದರಿ?’ ಎಂದು ಕೇಳಿಕೊಂಡರೆ ಉಪಯೋಗ ಕಡಿಮೆ. ‘ಯಾವ ಗುಣದಲ್ಲಿ ಇವರು ನನಗಿಂತ ಹೆಚ್ಚು, ಯಾವುದರಲ್ಲಿ ಕಡಿಮೆ?’ ಎಂದು ಕೇಳಿಕೊಂಡರೆ ಏನು ಬದಲಿಸಬೇಕೆಂದು ತಿಳಿಯುತ್ತದೆ.

ತೀರ್ಮಾನಕ್ಕೆ ಬರುವ ಮುನ್ನ ಒಬ್ಬರನ್ನು ಕನಿಷ್ಠ ಮೂರು ಬೇರೆ ಬೇರೆ ಸಂದರ್ಭಗಳಲ್ಲಿ ನೋಡಿ: ಕೆಲಸದ ಒತ್ತಡದಲ್ಲಿ, ಆಪ್ತರ ನಡುವೆ, ಅಪರಿಚಿತರ ಎದುರು. ಸಂದರ್ಭದ ಒತ್ತಡವನ್ನು ಮರೆತು ಎಲ್ಲವನ್ನೂ ಆ ವ್ಯಕ್ತಿಯ ಗುಣಕ್ಕೇ ಕಟ್ಟುವುದು ನಾವೆಲ್ಲ ಮಾಡುವ ತಪ್ಪು. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ಇದಕ್ಕೊಂದು ಹೆಸರಿಟ್ಟು ವಿವರಿಸಿದ್ದಾರೆ. ನಿದ್ದೆಗೆಟ್ಟವರು ಸಿಡುಕಿದರೆ ಅವರು ಮುಂಗೋಪಿಗಳಾಗುವುದಿಲ್ಲ.

ಪ್ರಶ್ನೆ: ನನ್ನ ತಂಡದಲ್ಲಿ ಎಂಟು ಜನ. ಒಬ್ಬರು ಮೀಟಿಂಗಿನಲ್ಲಿ ಬಾಯಿಯೇ ಬಿಡುವುದಿಲ್ಲ. ಎಲ್ಲ ತೀರ್ಮಾನವಾದ ಮೇಲೆ ಸಂಜೆ ಉದ್ದನೆಯ ಇ-ಮೇಲ್‌ನಲ್ಲಿ ಆಕ್ಷೇಪ ಕಳಿಸುತ್ತಾರೆ. ಬೇಕೆಂದೇ ಮಾಡುತ್ತಾರೆಯೇ?

ಉತ್ತರ: ಆ ಇ-ಮೇಲ್‌ಗಳನ್ನು ಒಮ್ಮೆ ತೆಗೆದು ಓದಿ. ಆಕ್ಷೇಪಗಳಲ್ಲಿ ಹುರುಳಿದ್ದರೆ ಅವರು ಅಡ್ಡಗಾಲು ಹಾಕುತ್ತಿಲ್ಲ, ಯೋಚಿಸಿ ಮುಗಿಸುವಷ್ಟರಲ್ಲಿ ನಿಮ್ಮ ಮೀಟಿಂಗ್ ಮುಗಿದಿರುತ್ತದೆ ಅಷ್ಟೆ. ಮಾತಾಡುತ್ತಲೇ ಯೋಚಿಸುವವರಿಗೆ ಹೊಂದುವಂತೆ ನಡೆಯುವ ಸಭೆಯಲ್ಲಿ, ಯೋಚಿಸಿ ಆಮೇಲೆ ಮಾತಾಡುವವರಿಗೆ ಜಾಗ ಸಿಗುವುದಿಲ್ಲ. ಬದಲಿಸಬೇಕಾದ್ದು ಸಭೆಯ ಕ್ರಮವನ್ನು.

ಒಂದು ದಿನ ಮೊದಲೇ ವಿಷಯ ಕಳಿಸಿ. ಅದೂ ಪ್ರಶ್ನೆಯ ರೂಪದಲ್ಲಿರಲಿ. ‘ವರದಿಯ ವೇಳಾಪಟ್ಟಿ ಕುರಿತು ಚರ್ಚೆ’ ಎಂದು ಬರೆದರೆ ಯಾರೂ ತಯಾರಾಗಿ ಬರುವುದಿಲ್ಲ. ‘ವರದಿಯನ್ನು ಶುಕ್ರವಾರದ ಬದಲು ಬುಧವಾರ ಕೊಡಬೇಕಾದರೆ ನಿಮ್ಮ ಕೆಲಸದಲ್ಲಿ ಯಾವ ಹಂತಕ್ಕೆ ತೊಂದರೆ?’ ಎಂದು ಬರೆಯಿರಿ. ಸಭೆ ಶುರುವಾದ ಕೂಡಲೇ ಮೂರು ನಿಮಿಷ ಎಲ್ಲರೂ ತಮ್ಮ ಉತ್ತರವನ್ನು ಕಾಗದದಲ್ಲಿ ಬರೆದುಕೊಳ್ಳಲಿ. ಆಮೇಲೆ ಸರದಿಯಂತೆ ಓದಲಿ. ಹೆಚ್ಚು ಮಾತಾಡುವವರದು ಕೊನೆಯ ಸರದಿ, ನೀವು ಮುಖ್ಯಸ್ಥರಾದರೆ ನಿಮ್ಮದು ಅವರಿಗಿಂತಲೂ ಕೊನೆ. ಮುಖ್ಯಸ್ಥರ ಅಭಿಪ್ರಾಯ ಮೊದಲು ಬಂದರೆ ಉಳಿದವರದು ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನೂ ರೂಢಿಸಿಕೊಳ್ಳಿ. ತರಗತಿಗಳನ್ನು ಅಧ್ಯಯನ ಮಾಡಿದ ಮೇರಿ ಬಡ್ ರೋ ಕಂಡುಕೊಂಡಂತೆ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ತಾವಾಗಿ ಉತ್ತರ ಹೇಳುವವರೂ ಹೆಚ್ಚಿದರು. ನೀವು ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಮೌನ ಪ್ರಶ್ನೆ ಕೇಳಿದವರಿಗೆ ಭಾರ, ಉತ್ತರ ಹುಡುಕುತ್ತಿರುವವರಿಗೆ ಬೇಕೇಬೇಕು. ಕೊನೆಗೆ, ‘ನಾಳೆ 11 ಗಂಟೆಯವರೆಗೆ ಈ ತೀರ್ಮಾನಕ್ಕೆ ತಿದ್ದುಪಡಿ ಹೇಳಬಹುದು’ ಎಂದು ಗಡುವು ಕೊಡಿ. ಇದರಿಂದ ಅವರ ಇ-ಮೇಲ್ ದೂರಿನಂತೆ ಕಾಣುವುದು ತಪ್ಪಿ, ಸಭೆಯ ಭಾಗವೇ ಆಗುತ್ತದೆ.

ಕೆಡುವುದು ಎಲ್ಲಿ ಗೊತ್ತೇ? ‘ನೀವ್ಯಾಕೆ ಏನೂ ಹೇಳ್ತಿಲ್ಲ?’ ಎಂದು ಎಲ್ಲರೆದುರು ಹೆಸರು ಹಿಡಿದು ಕರೆಯುವಲ್ಲಿ. ಆಗ ಬರುವುದು ಉತ್ತರವಲ್ಲ, ಪಾರಾಗಲು ಹೇಳಿದ ಒಂದು ಮಾತು. ಇನ್ನೊಂದನ್ನೂ ಗಮನಿಸಿ: ಒಬ್ಬ ನಿರ್ದಿಷ್ಟ ಹಿರಿಯರು ಇದ್ದಾಗ ಮಾತ್ರ ಅವರು ಮೌನವಾಗಿದ್ದರೆ ಅದು ಅಂತರ್ಮುಖತೆಯಲ್ಲ, ಅಂಜಿಕೆ. ಅದಕ್ಕೆ ಮೇಲಿನ ಯಾವ ಕ್ರಮವೂ ಸಾಲದು. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು.

ಪ್ರಶ್ನೆ: ಕಷ್ಟ ಹೇಳಿಕೊಂಡರೆ ನನ್ನ ಯಜಮಾನರು ಮಾತು ಮುಗಿಯುವ ಮೊದಲೇ ‘ಹೀಗೆ ಮಾಡು’ ಅಂತಾರೆ. ಕೇಳಿಸಿಕೊಳ್ಳುವ ವ್ಯವಧಾನವೇ ಇಲ್ಲ.

ಉತ್ತರ: ದಾರಿ ತೋರಿಸುವುದೇ ಅಕ್ಕರೆ ಎಂದು ತಿಳಿದವರು ಬಹಳ ಮಂದಿ. ಬೇಕಾದ್ದೇನೆಂದು ಮೊದಲ ವಾಕ್ಯದಲ್ಲೇ ಹೇಳಿಬಿಡಿ: ‘ಹತ್ತು ನಿಮಿಷ ಕೇಳಿಸಿಕೊಳ್ಳಿ ಸಾಕು, ಏನು ಮಾಡಬೇಕು ಅಂತ ನಾಳೆ ಕೇಳ್ತೀನಿ.’ ಅರ್ಧ ಹೇಳಿ, ಅವರು ಸಲಹೆ ಕೊಟ್ಟ ಮೇಲೆ ಮುನಿಸಿಕೊಂಡರೆ ತಪ್ಪೆಲ್ಲಾಯಿತೆಂದು ಅವರಿಗೆ ತಿಳಿಯುವುದೇ ಇಲ್ಲ. ‘ನಾಳೆ’ ಎಂದದ್ದನ್ನು ಮರೆಯದೆ ಕೇಳಿ, ಅವರ ಗುಣಕ್ಕೂ ಜಾಗ ಸಿಗಲಿ.

ಪ್ರಶ್ನೆ: ರಾಶಿ, ಕೈಬರಹ ನೋಡಿ ಸ್ವಭಾವ ತಿಳಿಯಬಹುದೇ? ನನ್ನದಂತೂ ಕರಾರುವಾಕ್ಕಾಗಿ ಹೊಂದುತ್ತದೆ.

ಉತ್ತರ: ಎಲ್ಲರಿಗೂ ಹೊಂದುತ್ತದೆ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ 39 ವಿದ್ಯಾರ್ಥಿಗಳಿಗೆ ‘ಇದು ನಿಮ್ಮದೇ ವ್ಯಕ್ತಿತ್ವ ವರದಿ’ ಎಂದು ಒಂದೊಂದು ಪ್ರತಿ ಕೊಟ್ಟರು. ಐದಕ್ಕೆ ಸರಾಸರಿ 4.26 ಅಂಕ ಕೊಟ್ಟು ವಿದ್ಯಾರ್ಥಿಗಳು ಒಪ್ಪಿಕೊಂಡರು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಬರಹ, ಜ್ಯೋತಿಷ್ಯದ ಪುಸ್ತಕದಿಂದ ಆಯ್ದದ್ದು.

ಪ್ರಶ್ನೆ: ಅಮ್ಮನಿಗೆ ಎಲ್ಲಕ್ಕೂ ಚಿಂತೆ. ನಾನು ಊರಿಗೆ ಹೊರಟರೆ ಗಂಟೆಗೊಮ್ಮೆ ಫೋನು. ‘ಏನೂ ಆಗಲ್ಲ, ಸುಮ್ನಿರಮ್ಮ’ ಅಂದರೆ ಇನ್ನೂ ಜಾಸ್ತಿ.

ಉತ್ತರ: ‘ಏನೂ ಆಗಲ್ಲ’ ಎಂಬ ಮಾತು ಅವರ ಭಯವನ್ನೇ ತಳ್ಳಿಹಾಕುತ್ತದೆ, ಹೊಸ ಮಾಹಿತಿಯನ್ನಂತೂ ಕೊಡುವುದಿಲ್ಲ. ಸಮಾಧಾನ ಸ್ವಲ್ಪ ಹೊತ್ತು ಇದ್ದು, ಸಂಶಯ ಮತ್ತೆ ತಲೆಯೆತ್ತುತ್ತದೆ. ಹೊರಡುವ ಮುನ್ನ ನಾಲ್ಕು ವಿಷಯ ಚೀಟಿಯಲ್ಲಿ ಬರೆದು ಕೊಡಿ: ಹೊರಡುವ ಹೊತ್ತು, ದಾರಿ, ಸಿಗ್ನಲ್ ಸಿಗದ ಜಾಗ, ನೀವು ಫೋನ್ ಮಾಡುವ ಹೊತ್ತು. ‘ಎಂಟಕ್ಕೆ ತಲುಪ್ತೀನಿ’ ಎನ್ನಬೇಡಿ, ಎಂಟು ಗಂಟೆ ಹತ್ತು ನಿಮಿಷವಾದರೆ ಅವರ ಎದೆ ಡವಗುಟ್ಟುತ್ತದೆ. ‘ಎಂಟರಿಂದ ಒಂಬತ್ತರೊಳಗೆ ಫೋನ್ ಮಾಡ್ತೀನಿ’ ಎನ್ನಿ, ತಪ್ಪದೆ ಮಾಡಿ. ಒಮ್ಮೆ ಮರೆತರೂ ಮುಂದಿನ ಸಲ ಚೀಟಿಯನ್ನು ನಂಬುವುದಿಲ್ಲ. ನಡುವೆ ಅವರೇ ಮಾಡಿದರೆ ಗದರಬೇಡಿ: ‘ದೂರದ ದಾರಿ, ಭಯ ಆಗೋದು ಸಹಜ. ಹೇಳಿದ ಹೊತ್ತಿಗೆ ಮಾಡ್ತೀನಮ್ಮ’ ಎಂದು ಅಲ್ಲಿಗೇ ಮುಗಿಸಿ. ಇದು ರೂಢಿಯಾದ ಮೇಲೆ ಎರಡು ಫೋನಿನ ನಡುವಿನ ಅಂತರವನ್ನು ನಿಧಾನವಾಗಿ ಹೆಚ್ಚಿಸಿ. ನೀವು ಮನೆಯಲ್ಲೇ ಇದ್ದಾಗಲೂ ಚಿಂತೆ ಬಿಡದೆ, ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ ಅದನ್ನು ಸ್ವಭಾವವೆಂದು ಬಿಡಬೇಡಿ, ವೈದ್ಯರಿಗೆ ತೋರಿಸಿ.